ವಿಳಾಸವನ್ನು ಮರೆಸುವ ವಿದ್ಯೆ

ಸರಕಾರಿ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆಲ್ಲ ಮೂಗರ್ಜಿಯ ಪರಿಚಯವುಂಟು. ಬರೆದವನು ತನ್ನ ಹೆಸರನ್ನಾಗಲಿ ಊರನ್ನಾಗಲಿ ಕಾಣಿಸದೆ, ಹೇಳಬೇಕಾದುದನ್ನು ಹೇಳಿ, ಯಾವುದೋ ಅಂಚೆಪೆಟ್ಟಿಗೆಯಲ್ಲಿ ಹಾಕಿಬಿಡುತ್ತಾನೆ. ‘ಇಂದ’ ಎಂಬಲ್ಲಿ ಏನನ್ನೂ ಬರೆಯದಿದ್ದರೂ ಅಂಚೆಯವರ ಅಭ್ಯಂತರವಿಲ್ಲ; ‘ಗೆ’ ಎಂಬಲ್ಲಿ ವಿಳಾಸ ಸರಿಯಾಗಿದ್ದರೆ ಸಾಕು, ಪತ್ರ ಮುಟ್ಟುತ್ತದೆ. ಬರೆದವನು ಅದಕ್ಕೆ ಉತ್ತರವನ್ನು ಅಪೇಕ್ಷಿಸುವುದೂ ಇಲ್ಲ.

ಅಂತರಜಾಲದಲ್ಲಿ ಇಂತಹ ಮೂಗರ್ಜಿ ಸಾಧ್ಯವೆ? ಮೊದಲ ನೋಟಕ್ಕೆ ಅಸಾಧ್ಯವೆಂದೇ ತೋರುತ್ತದೆ. ಜಾಲತಾಣವೊಂದನ್ನು ನೋಡುವುದೆಂದರೆ ಪತ್ರವನ್ನು ಹಾಕಿ ಸುಮ್ಮನಾಗುವುದಲ್ಲ, ಉತ್ತರವನ್ನು ತರಿಸಿಕೊಳ್ಳುವುದು. ‘ಇಂಥ ಪುಟವನ್ನು ಕಳುಹಿಸಿ’ ಎಂದು ನಮ್ಮ ಯಂತ್ರವು ಕೇಳುತ್ತದೆ; ಆ ಕಡೆಯ ಯಂತ್ರವು ಕಳುಹಿಸುತ್ತದೆ. ಎಲ್ಲಿಗೆ ಕಳುಹಿಸಬೇಕೆಂಬುದು ಅದಕ್ಕೆ ತಿಳಿಯದಿದ್ದರೆ ನಮ್ಮ ಪರದೆಯ ಮೇಲೆ ಏನೂ ಮೂಡದು. ಉತ್ತರವೂ ಬರಬೇಕು, ವಿಳಾಸವೂ ತಿಳಿಯಕೂಡದು ಎಂಬುದು ಒಗಟಿನಂತಹ ಬೇಡಿಕೆ. ಆದರೂ ಈ ಒಗಟನ್ನು ಬಿಡಿಸಿದವರಿದ್ದಾರೆ. ಅವರು ಬಿಡಿಸಿದ ಬಗೆಯೂ, ಬಿಡಿಸಲಾಗದೆ ಉಳಿದ ಭಾಗವೂ ಒಂದರಷ್ಟೇ ಇನ್ನೊಂದು ಕುತೂಹಲಕರವಾಗಿವೆ.

ಈ ವಿಷಯವನ್ನು ಕುರಿತು ಬರೆಯಲು ನಮಗೊಂದು ಕಾರಣವೂ ಇದೆ. ಕೆಲಕಾಲದ ಹಿಂದೆ ನಮ್ಮ ವಿದ್ಯಾರ್ಥಿಯೊಬ್ಬನು ಪ್ರಯೋಗಶಾಲೆಯಲ್ಲಿ ಎಲ್ಲರೂ ಹೊರಟುಹೋಗುವ ತನಕ ಕಾದಿದ್ದು, “ಸರ್, ವಿ.ಪಿ.ಎನ್. ಹಾಕಿಕೊಂಡರೆ ನಾವು ಏನು ಕಳುಹಿಸಿದರೂ ಯಾರು ಕಳುಹಿಸಿದ್ದೆಂದು ತಿಳಿಯುವುದಿಲ್ಲ, ಅಲ್ಲವೆ?” ಎಂದು ಕೇಳಿದನು. ಅವನ ಅಣ್ಣ ಒಂದು ಕಾರ್ಖಾನೆಯಲ್ಲಿ ನೌಕರ. ಅಲ್ಲಿ ನಡೆಯುತ್ತಿದ್ದ ಅವ್ಯವಹಾರವೊಂದರ ಕಾಗದಪತ್ರಗಳನ್ನು ಪತ್ರಿಕೆಯೊಂದಕ್ಕೆ ಕಳುಹಿಸಬೇಕೆಂದಿದ್ದನಂತೆ. ನಾವು ಹೆಚ್ಚು ಯೋಚಿಸದೆ “ಹೌದು” ಎಂದುಬಿಟ್ಟೆವು. ಭೌತಶಾಸ್ತ್ರ ಬೋಧಿಸುವವರಿಗೆ ಕಂಪ್ಯೂಟರಿನ ವಿಷಯವೆಲ್ಲ ತಿಳಿದಿರುತ್ತದೆಂದು ವಿದ್ಯಾರ್ಥಿಗಳು ನಂಬುತ್ತಾರೆ. ನಾವೂ ಆ ನಂಬಿಕೆಯನ್ನು ಕೆಡಿಸುವುದಿಲ್ಲ. ಆ ಉತ್ತರ ಎಷ್ಟು ಅಪಾಯಕರವಾಗಿತ್ತೆಂಬುದು ಅನಂತರ ವಿಷಯವನ್ನು ಓದಿದಾಗ ಮನವರಿಕೆಯಾಯಿತು.

ವಿಳಾಸವೆಂದರೇನು?

ನಮ್ಮ ಯಂತ್ರದಿಂದ ಹೊರಡುವ ಮಾಹಿತಿಯೆಲ್ಲವೂ ಚಿಕ್ಕ ಚಿಕ್ಕ ತುಂಡುಗಳಾಗಿ ಹೊರಡುತ್ತದೆ. ಇವಕ್ಕೆ ಪ್ಯಾಕೆಟ್ಟುಗಳೆಂದು ಹೆಸರು. ಪ್ರತಿಯೊಂದು ಪ್ಯಾಕೆಟ್ಟಿನ ತಲೆಯ ಮೇಲೂ ಎರಡು ಸಂಖ್ಯೆಗಳಿರುತ್ತವೆ. ಒಂದು ಕಳುಹಿಸಿದವರದು, ಇನ್ನೊಂದು ಪಡೆಯತಕ್ಕವರದು. ಇವೇ ಐ.ಪಿ. ವಿಳಾಸಗಳು. 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಾವಳಿಯು ಈ ಸಂಖ್ಯೆಗೆ 32 ಬಿಟ್ಟುಗಳ ಉದ್ದವನ್ನು ಗೊತ್ತುಮಾಡಿತು. 203.0.113.25 ಎಂಬಂತೆ ನಾಲ್ಕು ಭಾಗಗಳಾಗಿ ಬರೆಯುವುದು ವಾಡಿಕೆ. 32 ಬಿಟ್ಟುಗಳಿಂದ ಒಟ್ಟು 429 ಕೋಟಿಗೆ ಮೇಲ್ಪಟ್ಟ ವಿಳಾಸಗಳು ದೊರೆಯುತ್ತವೆ. ಅಂದು ಇದು ಅಪಾರವೆನಿಸಿರಬೇಕು. ಇಂದು ಭೂಮಿಯ ಮೇಲಿನ ಜನರ ಸಂಖ್ಯೆಯೇ ಅದಕ್ಕೆ ಹೆಚ್ಚುಕಡಮೆ ಇಮ್ಮಡಿಯಾಗಿದೆ. ಆದುದರಿಂದ 128 ಬಿಟ್ಟುಗಳ ಹೊಸ ಬಗೆಯ ವಿಳಾಸಗಳೂ ಬಳಕೆಗೆ ಬಂದಿವೆ. ಹಳೆಯ ಬಗೆಯವನ್ನು ಅನೇಕರು ಹಂಚಿಕೊಳ್ಳುವ ಪದ್ಧತಿಯೂ ಬೆಳೆದಿದೆ.

ಈ ಸಂಖ್ಯೆಯಿಂದ ಜಾಲತಾಣದವರಿಗೆ ತಿಳಿಯುವುದೆಷ್ಟು? ನೇರವಾಗಿ ತಿಳಿಯುವುದು ಕಡಮೆಯೇ. ನಮಗೆ ಸೇವೆ ಒದಗಿಸುವ ಕಂಪೆನಿ ಯಾವುದು, ಸುಮಾರಾಗಿ ಯಾವ ಊರಿನ ಕಡೆಯದು ಎಂಬಿಷ್ಟು. ಮನೆಯ ಬಾಗಿಲು ಅವರಿಗೆ ಕಾಣದು. ಆದರೆ ಆ ಕಂಪೆನಿಯ ಬಳಿ ಒಂದು ದಾಖಲೆ ಇರುತ್ತದೆ. ಯಾವ ದಿನ ಯಾವ ಗಳಿಗೆಯಲ್ಲಿ ಯಾವ ವಿಳಾಸವು ಯಾವ ಚಂದಾದಾರನ ಕೈಯಲ್ಲಿತ್ತೆಂಬುದು ಅದರಲ್ಲಿದೆ. ಮೊಬೈಲ್ ಕಂಪೆನಿಗಳು ಒಂದೇ ವಿಳಾಸವನ್ನು ನೂರಾರು ಜನರಿಗೆ ಏಕಕಾಲದಲ್ಲಿ ಹಂಚುವುದುಂಟು. ಹಾಗಿದ್ದರೆ ಗುರುತು ಹತ್ತುವುದಿಲ್ಲವೆಂದು ಕೆಲವರು ತಿಳಿಯುತ್ತಾರೆ. ಅದು ಸರಿಯಲ್ಲ. ಹಂಚಿದ ಲೆಕ್ಕವನ್ನೂ ಕಂಪೆನಿ ಬರೆದಿಡುತ್ತದೆ. ನಮ್ಮ ದೇಶದಲ್ಲಿ ಇಂತಹ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಕಾಪಾಡಬೇಕೆಂದು 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆಯು ಪರವಾನಗಿಯ ಷರತ್ತನ್ನು ತಿದ್ದಿತು.

ಬ್ರೌಸರಿನಲ್ಲಿ ‘ಇನ್‌ಕಾಗ್ನಿಟೊ’ ಎಂಬ ಕಪ್ಪು ಕಿಟಕಿಯನ್ನು ತೆರೆದರೆ ಸಾಕೆಂಬ ಭ್ರಮೆಯೂ ಬಹುಮಂದಿಗಿದೆ. ಆ ಕಿಟಕಿಯು ನಮ್ಮ ಯಂತ್ರದಲ್ಲಿ ನೆನಪನ್ನು ಉಳಿಸದು, ಅಷ್ಟೆ. ಪ್ಯಾಕೆಟ್ಟಿನ ತಲೆಯ ಮೇಲಿನ ಸಂಖ್ಯೆ ಮೊದಲಿನಂತೆಯೇ ಇರುತ್ತದೆ.

ಹಾಗಾದರೆ ‘ಇಂದ’ ಎಂಬಲ್ಲಿ ಸುಳ್ಳು ಸಂಖ್ಯೆಯನ್ನು ಬರೆದರಾಗದೆ? ಬರೆಯಬಹುದು. ಪ್ಯಾಕೆಟ್ಟು ಮುಟ್ಟಲೂಬಹುದು. ಆದರೆ ಉತ್ತರವು ಆ ಸುಳ್ಳು ವಿಳಾಸಕ್ಕೆ ಹೋಗುತ್ತದೆ. ಪುಟವನ್ನು ಕಳುಹಿಸುವ ಮುನ್ನ ಎರಡು ಕಡೆಯ ಯಂತ್ರಗಳು ‘ಬಂದಿತೆ?’ ‘ಬಂದಿತು’ ಎಂದು ಪರಸ್ಪರ ವಿಚಾರಿಸಿಕೊಳ್ಳುವ ಕ್ರಮವೊಂದಿದೆ. ಸುಳ್ಳು ಬರೆದವನು ಈ ಮೊದಲ ಮೆಟ್ಟಿಲಲ್ಲೇ ಎಡವುತ್ತಾನೆ. ಜಾಲತಾಣವೊಂದನ್ನು ಪ್ಯಾಕೆಟ್ಟುಗಳ ಪ್ರವಾಹದಲ್ಲಿ ಮುಳುಗಿಸಬೇಕೆಂಬ ದುಷ್ಟರಿಗೆ ಉತ್ತರದ ಅಗತ್ಯವಿಲ್ಲವಾದುದರಿಂದ ಈ ಉಪಾಯ ಅವರಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಓದುಗನಿಗೆ ಬಾರದು.

ಮಧ್ಯಸ್ಥನ ಮೊರೆ

ಉಳಿದ ಮಾರ್ಗವೆಂದರೆ ಮಧ್ಯಸ್ಥನೊಬ್ಬನನ್ನು ಹಿಡಿಯುವುದು. ನಾವು ಅವನಿಗೆ ಬರೆಯುವುದು, ಅವನು ತನ್ನ ವಿಳಾಸದಿಂದ ಜಾಲತಾಣಕ್ಕೆ ಬರೆಯುವುದು, ಉತ್ತರ ಬಂದಾಗ ನಮಗೆ ದಾಟಿಸುವುದು. ವಿ.ಪಿ.ಎನ್. ಎಂದು ಇಂದು ಮನೆಮಾತಾಗಿರುವ ಸೇವೆ ಇದೇ. ನಮ್ಮ ಯಂತ್ರಕ್ಕೂ ಮಧ್ಯಸ್ಥನ ಯಂತ್ರಕ್ಕೂ ನಡುವೆ ಹರಿಯುವುದೆಲ್ಲ ಗೂಢಲಿಪಿಯಲ್ಲಿರುತ್ತದೆ. ಆದಕಾರಣ ನಮ್ಮ ಸೇವಾ ಕಂಪೆನಿಗೆ ಕಾಣುವುದು ‘ಈತನು ಇಂಥ ವಿ.ಪಿ.ಎನ್. ಯಂತ್ರದೊಡನೆ ಮಾತನಾಡುತ್ತಿದ್ದಾನೆ’ ಎಂಬಷ್ಟೆ. ಜಾಲತಾಣಕ್ಕೆ ಕಾಣುವುದು ವಿ.ಪಿ.ಎನ್. ಯಂತ್ರದ ವಿಳಾಸ.

ಇಬ್ಬರ ಕಣ್ಣಿಗೂ ಮರೆಯಾಯಿತು, ನಿಜ. ಆದರೆ ನಡುವೆ ನಿಂತ ಮೂರನೆಯವನಿಗೆ ಎರಡು ತುದಿಗಳೂ ತಿಳಿದಿವೆ. ನಾವು ಯಾರೆಂಬುದೂ ಅವನಿಗೆ ಗೊತ್ತು, ಎಲ್ಲಿಗೆ ಹೋದೆವೆಂಬುದೂ ಗೊತ್ತು. ಹಿಂದೆ ಸೇವಾ ಕಂಪೆನಿಯ ಮೇಲೆ ಇರಿಸಿದ್ದ ವಿಶ್ವಾಸವನ್ನು ಅಲ್ಲಿಂದ ತೆಗೆದು ಇವನ ಮೇಲೆ ಇರಿಸಿದಂತಾಯಿತೇ ಹೊರತು ಗುಟ್ಟು ಗುಟ್ಟಾಗಿ ಉಳಿಯಲಿಲ್ಲ.

ಇದು ಬರಿಯ ತರ್ಕವಲ್ಲವೆಂಬುದಕ್ಕೆ ಹೆಲ್ಸಿಂಕಿಯಲ್ಲಿ ನಡೆದ ಪ್ರಸಂಗವು ನಿದರ್ಶನ. 1993ರಲ್ಲಿ ಯೋಹಾನ್ ಹೆಲ್ಸಿಂಗಿಯಸ್ ಎಂಬವರು ಅಲ್ಲಿ ಒಂದು ಮಧ್ಯಸ್ಥ ಯಂತ್ರವನ್ನು ಸ್ಥಾಪಿಸಿದರು. ಅದು ಜಾಲತಾಣಗಳನ್ನು ನೋಡಲು ಅಲ್ಲ, ಮಿಂಚಂಚೆಯನ್ನು ಹೆಸರಿಲ್ಲದೆ ಕಳುಹಿಸಲು. ತತ್ತ್ವ ಮಾತ್ರ ಅದೇ. ಬಂದ ಪತ್ರದಿಂದ ನಿಜವಾದ ವಿಳಾಸವನ್ನು ಕಿತ್ತು, ಬದಲಿಗೊಂದು ಗುಪ್ತನಾಮವನ್ನಿಟ್ಟು ಮುಂದಕ್ಕೆ ಸಾಗಿಸುತ್ತಿತ್ತು. ಉತ್ತರ ಬಂದರೆ ತಿರುಗಿ ಮುಟ್ಟಿಸಬೇಕಲ್ಲವೆ? ಅದಕ್ಕಾಗಿ ಯಾವ ಗುಪ್ತನಾಮ ಯಾರದೆಂಬ ಪಟ್ಟಿಯನ್ನು ಇಟ್ಟುಕೊಂಡಿತ್ತು. ಲಕ್ಷಾಂತರ ಜನರು ಇದನ್ನು ಬಳಸಿದರು. 1995ರಲ್ಲಿ ಅಮೆರಿಕದ ಸೈಂಟಾಲಜಿ ಪಂಥದವರು, ತಮ್ಮ ಗುಪ್ತ ಬರೆಹವೊಂದು ಈ ಯಂತ್ರದ ಮೂಲಕ ಹೊರಬಿದ್ದಿತೆಂದು ದೂರಿತ್ತರು. ಫಿನ್ಲೆಂಡಿನ ಪೋಲೀಸರು ಬಾಗಿಲಿಗೆ ಬಂದರು. ಇಡೀ ಪಟ್ಟಿಯನ್ನು ಕಳೆದುಕೊಳ್ಳುವ ಬದಲು ಹೆಲ್ಸಿಂಗಿಯಸರು ಆ ಒಂದು ವಿಳಾಸವನ್ನು ಕೊಟ್ಟರು. 1996ರಲ್ಲಿ ನ್ಯಾಯಾಲಯದ ಇನ್ನೊಂದು ತೀರ್ಪು ಬಂದ ಮೇಲೆ ಯಂತ್ರವನ್ನೇ ನಿಲ್ಲಿಸಿದರು. ಅವರ ಪ್ರಾಮಾಣಿಕತೆಯಲ್ಲಿ ದೋಷವಿರಲಿಲ್ಲ. ಪಟ್ಟಿ ಇದ್ದುದೇ ದೋಷ.

ನಮ್ಮ ದೇಶದಲ್ಲಿಯೂ ಪಟ್ಟಿಯ ಪ್ರಶ್ನೆ ಬಂದಿದೆ. 2022ರ ಏಪ್ರಿಲ್ 28ರಂದು ಭಾರತ ಸರಕಾರದ ಸಂಸ್ಥೆಯಾದ ಸರ್ಟ್-ಇನ್ ಒಂದು ನಿರ್ದೇಶವನ್ನು ಹೊರಡಿಸಿತು. ವಿ.ಪಿ.ಎನ್. ಸೇವೆಯವರು ಗ್ರಾಹಕರ ಹೆಸರು, ವಿಳಾಸ, ಸಂಪರ್ಕದ ಸಂಖ್ಯೆ, ಅವರಿಗೆ ಕೊಟ್ಟ ಐ.ಪಿ. ವಿಳಾಸ ಮೊದಲಾದುವನ್ನು ಐದು ವರ್ಷ ಕಾಪಾಡಬೇಕೆಂಬುದು ಅದರ ಒಂದು ಅಂಶ. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಮೊದಲಾದ ವಿದೇಶೀಯ ಕಂಪೆನಿಗಳು ಅದೇ ವರ್ಷ ತಮ್ಮ ಯಂತ್ರಗಳನ್ನು ಭಾರತದಿಂದ ತೆಗೆದವು. ಅಪರಾಧಿಗಳನ್ನು ಹಿಡಿಯಲು ದಾಖಲೆ ಬೇಕೆಂಬ ಸರಕಾರದ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ಮರೆಸುವುದಕ್ಕೆಂದೇ ಹಣ ತೆತ್ತ ಸೇವೆಯು ಐದು ವರ್ಷದ ಪಟ್ಟಿಯನ್ನು ಇಟ್ಟಿದ್ದರೆ ಗ್ರಾಹಕನು ಕೊಂಡದ್ದೇನು ಎಂಬುದನ್ನೂ ಕೇಳಬೇಕಾಗುತ್ತದೆ.

ಇಲ್ಲಿ ಭೌತಶಾಸ್ತ್ರದ ಒಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಯಂತ್ರಗಳನ್ನು ತೆಗೆದ ಮೇಲೂ ಕೆಲವು ಕಂಪೆನಿಗಳು ‘ಭಾರತದ ವಿಳಾಸ’ವನ್ನು ಕೊಡುವುದಾಗಿ ಸಾರಿದವು, ಯಂತ್ರ ಮಾತ್ರ ಸಿಂಗಪುರದಲ್ಲೋ ಇಂಗ್ಲೆಂಡಿನಲ್ಲೋ ಇತ್ತು. ವಿಳಾಸವು ಸುಳ್ಳು ಹೇಳಬಹುದು, ಆದರೆ ಬೆಳಕು ಹೇಳದು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಚಲಿಸುತ್ತದೆ. ಬೆಂಗಳೂರಿನಿಂದ ಲಂಡನ್ನಿಗೆ ನೇರ ದೂರ ಸುಮಾರು 8,000 ಕಿಲೋಮೀಟರು. ಹೋಗಿಬರಲು ಕಡಮೆಯೆಂದರೆ ಸೆಕೆಂಡಿನ ಸಾವಿರದಲ್ಲಿ 80 ಭಾಗ ಬೇಕು. ಮುಂಬಯಿಗಾದರೆ ಹತ್ತು ಭಾಗದೊಳಗೆ ಸಾಧ್ಯ. ಮುಂಬಯಿಯದೆಂದು ಹೇಳಿಕೊಳ್ಳುವ ಯಂತ್ರವೊಂದು ಬೆಂಗಳೂರಿನ ಕರೆಗೆ ಸದಾ 150 ಭಾಗ ಕಳೆದೇ ಓಗೊಡುತ್ತಿದ್ದರೆ ಅದರ ಮಾತನ್ನು ಶಂಕಿಸಲು ಕಾರಣವುಂಟು. ಸಂಖ್ಯೆಯನ್ನು ಮರೆಸಿದರೂ ದೂರವನ್ನು ಮರೆಸಲಾಗದು.

ಈರುಳ್ಳಿಯ ಉಪಾಯ

ಮಧ್ಯಸ್ಥನೊಬ್ಬನಿಗೆ ಎಲ್ಲವೂ ತಿಳಿಯುವುದು ದೋಷವಾದರೆ, ಮಧ್ಯಸ್ಥರನ್ನು ಅನೇಕರನ್ನಾಗಿ ಮಾಡಿ ಒಬ್ಬೊಬ್ಬನಿಗೆ ಒಂದೊಂದು ಚೂರನ್ನು ಮಾತ್ರ ತಿಳಿಸುವುದು ಪರಿಹಾರವಲ್ಲವೆ? ಈ ವಿಚಾರವನ್ನು ಖಚಿತವಾಗಿ ಮುಂದಿಟ್ಟವರು ಅಮೆರಿಕದ ಡೇವಿಡ್ ಚೌಮ್. ಜಾಲತಾಣವೆಂಬುದು ಹುಟ್ಟುವುದಕ್ಕೆ ಎಷ್ಟೋ ಮೊದಲೇ, 1981ರಲ್ಲಿ, ಬರ್ಕ್ಲಿಯಲ್ಲಿದ್ದಾಗ ಅವರು ಪ್ರಕಟಿಸಿದ ಲೇಖನವು ಜಾಡು ಹಿಡಿಯಲಾಗದ ಮಿಂಚಂಚೆಯನ್ನು ಕುರಿತದ್ದು. ಪತ್ರಗಳು ಒಂದು ಯಂತ್ರಕ್ಕೆ ಬಂದು ಸೇರುತ್ತವೆ. ಅದು ಒಂದು ರಾಶಿಯಾಗುವ ತನಕ ಕಾದು, ಹೊರಗಿನ ಲಕೋಟೆಗಳನ್ನು ಕಳಚಿ, ಕ್ರಮವನ್ನು ಕದಡಿ ಮುಂದಿನ ಯಂತ್ರಕ್ಕೆ ಕಳುಹಿಸುತ್ತದೆ. ಒಳಬಂದ ಯಾವ ಪತ್ರ ಹೊರಹೋದ ಯಾವ ಪತ್ರವೆಂಬುದು ಹೊರಗೆ ನಿಂತು ನೋಡುವವನಿಗೆ ತಿಳಿಯದು.

ಇದನ್ನು ಜಾಲತಾಣಗಳ ವೇಗಕ್ಕೆ ಅಳವಡಿಸಿದವರು ಅಮೆರಿಕದ ನೌಕಾದಳದ ಸಂಶೋಧನಾಲಯದವರು. ಪಾಲ್ ಸೈವರ್ಸನ್, ಮೈಕೇಲ್ ರೀಡ್, ಡೇವಿಡ್ ಗೋಲ್ಡ್‌ಶ್ಲಾಗ್ ಎಂಬ ಮೂವರು 1990ರ ದಶಕದ ನಡುವಿನಲ್ಲಿ ಇದಕ್ಕೆ ಕೈಹಾಕಿದರು. ಮುಂದೆ ರೋಜರ್ ಡಿಂಗಲ್‌ಡೈನ್, ನಿಕ್ ಮ್ಯಾಥ್ಯೂಸನ್ ಇವರು ಸೈವರ್ಸನ್ನರ ಜೊತೆಗೂಡಿ ರೂಪಿಸಿದ ಜಾಲವು 2002ರಲ್ಲಿ ಚಾಲನೆಗೆ ಬಂದಿತು. ಅದರ ಹೆಸರು ಟಾರ್. ಈರುಳ್ಳಿಯ ಹೆಸರಿನಿಂದ ಕರೆಯಲಾದ ಮಾರ್ಗ ಎಂಬ ಅರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಬಂದ ಹೆಸರಿದು.

ಈರುಳ್ಳಿ ಏಕೆ? ಹಾಸನದಲ್ಲಿ ಕುಳಿತ ಓದುಗನೊಬ್ಬನು ಲಂಡನ್ನಿನ ವಾರ್ತಾಪತ್ರಿಕೆಯೊಂದರ ತಾಣವನ್ನು ನೋಡಬೇಕೆಂದಿರಲಿ. ಪ್ರಪಂಚದ ನಾನಾ ಕಡೆ ಸ್ವಯಂಸೇವಕರು ನಡೆಸುತ್ತಿರುವ ಸಾವಿರಾರು ಟಾರ್ ಯಂತ್ರಗಳಿವೆ. ಅವುಗಳ ಪಟ್ಟಿ ಬಹಿರಂಗವಾಗಿಯೇ ಇದೆ. ಅವುಗಳಿಂದ ಅವನ ಯಂತ್ರವು ಮೂರನ್ನು ಆರಿಸುತ್ತದೆ. ಅವನ್ನು ಕ, ಖ, ಗ ಎನ್ನೋಣ. ಮೂರರ ಜೊತೆಗೂ ಬೇರೆ ಬೇರೆ ಕೀಲಿಕೈಗಳನ್ನು ಗೊತ್ತುಮಾಡಿಕೊಳ್ಳುತ್ತದೆ. ಎಲ್ಲರೂ ಕೇಳುತ್ತಿರುವಾಗಲೇ ಇಬ್ಬರು ಗುಟ್ಟಾದ ಕೀಲಿಯೊಂದನ್ನು ಒಪ್ಪಿಕೊಳ್ಳಬಹುದೆಂಬುದನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬವರು ತೋರಿಸಿಕೊಟ್ಟಿದ್ದರು; ಆ ಸೋಜಿಗವನ್ನು ವಿವರಿಸಲು ಬೇರೆ ಲೇಖನವೇ ಬೇಕು.

ಈಗ ಓದುಗನ ಯಂತ್ರವು ತನ್ನ ಕೋರಿಕೆಯನ್ನು ಮೊದಲು ‘ಗ’ದ ಕೀಲಿಯಿಂದ ಮುಚ್ಚುತ್ತದೆ. ಅದರ ಮೇಲೆ ‘ಖ’ದ ಕೀಲಿಯಿಂದ ಇನ್ನೊಂದು ಹೊದಿಕೆ, ಎಲ್ಲಕ್ಕೂ ಮೇಲೆ ‘ಕ’ದ ಕೀಲಿಯಿಂದ ಮತ್ತೊಂದು. ಇಂತಹ ಮೂರು ಪದರದ ಗಡ್ಡೆಯನ್ನು ‘ಕ’ಕ್ಕೆ ಕಳುಹಿಸುತ್ತದೆ. ‘ಕ’ವು ತನ್ನ ಪದರವನ್ನು ಸುಲಿಯುತ್ತದೆ, ಒಳಗೆ ಕಾಣುವುದು ಅರ್ಥವಾಗದ ಇನ್ನೊಂದು ಗಡ್ಡೆ. ಅದನ್ನು ‘ಖ’ಕ್ಕೆ ದಾಟಿಸುತ್ತದೆ. ‘ಖ’ವು ತನ್ನ ಪದರವನ್ನು ಸುಲಿದು ‘ಗ’ಕ್ಕೆ ದಾಟಿಸುತ್ತದೆ. ‘ಗ’ವು ಕೊನೆಯ ಪದರವನ್ನು ಸುಲಿದಾಗ ‘ಲಂಡನ್ನಿನ ಇಂಥ ತಾಣಕ್ಕೆ ಇದನ್ನು ಕೊಡು’ ಎಂಬುದು ಗೋಚರವಾಗುತ್ತದೆ. ಅದು ತನ್ನದೇ ವಿಳಾಸದಿಂದ ತಾಣವನ್ನು ಕೇಳುತ್ತದೆ.

ಯಾರಿಗೆ ಏನು ತಿಳಿಯಿತು? ‘ಕ’ಕ್ಕೆ ಹಾಸನದ ಓದುಗನ ವಿಳಾಸ ತಿಳಿದಿದೆ; ಅವನು ಎಲ್ಲಿಗೆ ಹೊರಟನೆಂಬುದು ತಿಳಿಯದು. ‘ಗ’ಕ್ಕೆ ಲಂಡನ್ನಿನ ತಾಣ ತಿಳಿದಿದೆ, ಕೇಳಿದವರಾರೆಂಬುದು ತಿಳಿಯದು. ‘ಖ’ಕ್ಕೆ ಎರಡೂ ತಿಳಿಯದು, ಅಕ್ಕಪಕ್ಕದವರನ್ನಷ್ಟೇ ಬಲ್ಲದು. ಅದಿದ್ದುದರಿಂದಲೇ ‘ಕ’ಕ್ಕೂ ‘ಗ’ಕ್ಕೂ ಪರಸ್ಪರ ಪರಿಚಯವಾಗದು.

ಉತ್ತರವು ಹಿಂದಿರುಗುವ ರೀತಿ ಇನ್ನೂ ಅಂದವಾಗಿದೆ. ಲಂಡನ್ನಿನ ತಾಣವು ಪುಟವನ್ನು ‘ಗ’ಕ್ಕೆ ಕೊಡುತ್ತದೆ. ‘ಗ’ವು ಅದರ ಮೇಲೆ ತನ್ನ ಪದರವನ್ನು ಸುತ್ತಿ ಬಂದ ದಾರಿಯಲ್ಲೇ ‘ಖ’ಕ್ಕೆ ಹಿಂದಿರುಗಿಸುತ್ತದೆ, ‘ಖ’ವು ತನ್ನದನ್ನು ಸುತ್ತುತ್ತದೆ, ‘ಕ’ವು ತನ್ನದನ್ನು. ಹೋಗುವಾಗ ಸುಲಿದುಕೊಂಡು ಹೋದ ಗಡ್ಡೆ ಬರುವಾಗ ಬೆಳೆದುಕೊಂಡು ಬರುತ್ತದೆ. ಮೂರು ಕೀಲಿಗಳೂ ಇರುವುದು ಓದುಗನೊಬ್ಬನ ಬಳಿಯಲ್ಲಿ. ಅವನು ಮೂರನ್ನೂ ಬಿಚ್ಚಿ ಪುಟವನ್ನು ಓದುತ್ತಾನೆ. ಹೆಲ್ಸಿಂಕಿಯ ಪಟ್ಟಿಯಂತಹುದು ಎಲ್ಲಿಯೂ ಇಲ್ಲ. ಯಾವ ಒಬ್ಬನ ಬಾಗಿಲಿಗೆ ಪೋಲೀಸರು ಬಂದರೂ ಕೊಡಲು ಅವನ ಬಳಿ ಪೂರ್ತಿ ಉತ್ತರವಿಲ್ಲ. ಉತ್ತರವೂ ಬರಬೇಕು, ವಿಳಾಸವೂ ತಿಳಿಯಕೂಡದು ಎಂಬ ಒಗಟಿನ ಬಿಡುಗಡೆ ಇದು.

ತುಂಡುಗಳ ಗಾತ್ರದಿಂದ ಗುರುತು ಹತ್ತದಿರಲೆಂದು ಮೊದಲಿನಿಂದಲೂ ಎಲ್ಲವನ್ನೂ 512 ಬೈಟುಗಳಷ್ಟೋ ಅದಕ್ಕೆ ತೀರ ಸಮೀಪದಷ್ಟೋ ಆದ ಒಂದೇ ಅಳತೆಗೆ ಕತ್ತರಿಸುವ ಕ್ರಮವನ್ನಿಟ್ಟುಕೊಂಡಿದ್ದಾರೆ.

ಗುಂಪಿನ ಅಗತ್ಯ

ನೌಕಾದಳವು ತನ್ನ ಗುಟ್ಟಿಗಾಗಿ ನಿರ್ಮಿಸಿದ ಜಾಲವನ್ನು ಊರಿಗೆಲ್ಲ ಬಿಟ್ಟುಕೊಟ್ಟದ್ದೇಕೆ ಎಂದು ವಾಚಕರಿಗೆ ಆಶ್ಚರ್ಯವಾಗಬಹುದು. ಅದು ಔದಾರ್ಯವಲ್ಲ, ಅಗತ್ಯ. ಆ ಜಾಲವನ್ನು ನೌಕಾದಳದವರು ಮಾತ್ರವೇ ಬಳಸುತ್ತಿದ್ದರೆ, ಅದರಿಂದ ಹೊರಬಂದ ಪ್ರತಿಯೊಂದು ಪ್ಯಾಕೆಟ್ಟಿನ ಮೇಲೂ ನೌಕಾದಳದ ಮುದ್ರೆಯನ್ನು ಒತ್ತಿದಂತೆಯೇ. ಖಾಲಿ ಬಯಲಿನಲ್ಲಿ ಮುಸುಕು ಹಾಕಿಕೊಂಡವನು ಮುಸುಕಿಲ್ಲದವನಿಗಿಂತ ಬೇಗ ಕಣ್ಣಿಗೆ ಬೀಳುತ್ತಾನೆ. ಜಾತ್ರೆಯಲ್ಲಿ ಮುಸುಕೇ ಬೇಡ. ವರದಿಗಾರರು, ರೋಗದ ವಿಷಯ ತಿಳಿಯಬಯಸುವವರು, ಗಂಡನ ಕಣ್ಣು ತಪ್ಪಿಸಿ ನೆರವನ್ನು ಹುಡುಕುವ ಹೆಂಗಸರು, ಸುಮ್ಮನೆ ಕುತೂಹಲಿಗಳು, ಕಳ್ಳರು ಸಹ ಬೆರೆತಾಗಲೇ ಪ್ರತಿಯೊಬ್ಬನಿಗೂ ಮರೆ. ಕಳ್ಳರು ಬೆರೆಯುವುದು ನಮಗೆ ಹಿತವಲ್ಲ. ಆದರೆ ಒಳ್ಳೆಯವರನ್ನು ಮಾತ್ರ ಮರೆಸುವ ಗಣಿತ ಇನ್ನೂ ಹುಟ್ಟಿಲ್ಲ.

ಗುಂಪು ಚಿಕ್ಕದಾದರೆ ಏನಾಗುತ್ತದೆಂಬುದನ್ನು 2013ರ ಡಿಸೆಂಬರ್ 16ರಂದು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ನಡೆದ ಪ್ರಸಂಗವು ತೋರಿಸಿತು. ಪರೀಕ್ಷೆಯ ದಿನ ಬೆಳಗ್ಗೆ ಕೆಲವು ಕಟ್ಟಡಗಳಲ್ಲಿ ಬಾಂಬುಗಳಿವೆಯೆಂದು ಮಿಂಚಂಚೆ ಬಂದಿತು. ಕಟ್ಟಡಗಳನ್ನು ತೆರವುಮಾಡಿದರು, ಪರೀಕ್ಷೆಗಳು ಕೆಟ್ಟವು. ಪತ್ರದ ಜಾಡು ಹಿಡಿದಾಗ ಸಿಕ್ಕಿದ್ದು ಟಾರ್ ಜಾಲದ ಕೊನೆಯ ಯಂತ್ರವೊಂದರ ವಿಳಾಸ. ಅಲ್ಲಿಂದ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ತನಿಖೆಯವರು ಹೋಗಲೂ ಇಲ್ಲ. ಅವರು ಕೇಳಿದ ಪ್ರಶ್ನೆಯೇ ಬೇರೆ: ಪತ್ರ ಬರುವ ಮುನ್ನಿನ ಕೆಲವು ಗಂಟೆಗಳಲ್ಲಿ ವಿಶ್ವವಿದ್ಯಾನಿಲಯದ ಜಾಲದಿಂದ ಟಾರ್ ಯಂತ್ರಗಳ ಕಡೆಗೆ ಹೋದವರು ಯಾರು? ಆ ಯಂತ್ರಗಳ ಪಟ್ಟಿ ಬಹಿರಂಗವೆಂದು ಹೇಳಿದೆವಷ್ಟೆ. ವಿಶ್ವವಿದ್ಯಾನಿಲಯದ ನಿಸ್ತಂತು ಜಾಲಕ್ಕೆ ವಿದ್ಯಾರ್ಥಿಗಳು ತಮ್ಮ ಹೆಸರಿನಿಂದಲೇ ಪ್ರವೇಶಿಸಬೇಕಾಗಿತ್ತು. ಹೀಗೆ ದೊರೆತ ಹೆಸರಿನ ವಿದ್ಯಾರ್ಥಿಯನ್ನು ವಿಚಾರಿಸಿದಾಗ ಅವನು ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ಹೀಗೆ ಮಾಡಿದೆನೆಂದು ಒಪ್ಪಿಕೊಂಡನು. ಈರುಳ್ಳಿಯ ಒಂದು ಪದರವನ್ನೂ ಯಾರೂ ಸುಲಿಯಲಿಲ್ಲ.

ಈ ವೃತ್ತಾಂತವನ್ನು ಓದಿದ ದಿನವೇ ನಾವು ನಮ್ಮ ವಿದ್ಯಾರ್ಥಿಯನ್ನು ಕರೆಸಿದೆವು. ಅವನ ಅಣ್ಣನು ಕಾರ್ಖಾನೆಯ ಕಂಪ್ಯೂಟರಿನಿಂದ, ಕಾರ್ಖಾನೆಯ ಜಾಲದ ಮೂಲಕವೇ, ಊಟದ ವಿರಾಮದಲ್ಲಿ ಕಾಗದಗಳನ್ನು ಕಳುಹಿಸುವ ಯೋಚನೆಯಲ್ಲಿದ್ದನು. ಆ ಕಾರ್ಖಾನೆಯಲ್ಲಿ ಆ ಹೊತ್ತಿನಲ್ಲಿ ವಿ.ಪಿ.ಎನ್. ಆಗಲಿ ಟಾರ್ ಆಗಲಿ ಬಳಸುವವರು ಎಷ್ಟು ಮಂದಿ ಇದ್ದಾರು? ಅವನು ಇನ್ನೂ ಕಳುಹಿಸಿರಲಿಲ್ಲವೆಂಬುದು ನಮ್ಮ ಪುಣ್ಯ.

ಮರೆಯಾಗದೆ ಉಳಿಯುವುದು

ವಿಳಾಸವನ್ನು ಮರೆಸುವುದಕ್ಕೂ ವಿಷಯವನ್ನು ಮರೆಸುವುದಕ್ಕೂ ಇರುವ ಭೇದವನ್ನು ಬಹುಮಂದಿ ಗಮನಿಸರು. ಕೊನೆಯ ಯಂತ್ರವಾದ ‘ಗ’ವು ಕೊನೆಯ ಪದರವನ್ನು ಸುಲಿದ ಮೇಲೆ ಒಳಗಿರುವುದು ತೆರೆದ ಪತ್ರವಾಗಿದ್ದರೆ ಅದನ್ನು ಓದಬಲ್ಲದು. 2007ರಲ್ಲಿ ಸ್ವೀಡನ್ನಿನ ಡಾನ್ ಎಗರ್‌ಸ್ಟಾಡ್ ಎಂಬ ತಜ್ಞನು ಇಂತಹ ಐದು ಕೊನೆಯ ಯಂತ್ರಗಳನ್ನು ತಾನೇ ನಡೆಸಿ, ಅವುಗಳ ಮೂಲಕ ಹಾದುಹೋದುದನ್ನು ಗಮನಿಸಿದನು. ರಾಯಭಾರ ಕಚೇರಿಗಳ ಮಿಂಚಂಚೆಯ ಗುಪ್ತಪದಗಳು ಅವನ ಬಲೆಗೆ ಬಿದ್ದವು. ಅವನು ಪ್ರಕಟಿಸಿದ ನೂರು ಖಾತೆಗಳ ಪಟ್ಟಿಯಲ್ಲಿ ಭಾರತದ ರಾಯಭಾರ ಕಚೇರಿಗಳವೂ ಇದ್ದವು. ರಾಯಭಾರಿಗಳೇ ಟಾರನ್ನು ಬಳಸುತ್ತಿದ್ದರೆಂದಲ್ಲ. ಆ ಗುಪ್ತಪದಗಳನ್ನು ಮೊದಲೇ ಕದ್ದಿದ್ದ ಬೇರೆ ಯಾರೋ ತಮ್ಮ ವಿಳಾಸವನ್ನು ಮರೆಸಿಕೊಂಡು ಆ ಪತ್ರಗಳನ್ನು ಓದುತ್ತಿದ್ದಿರಬೇಕೆಂದು ಅವನ ಊಹೆ. ಕಳ್ಳನ ಹಿಂದೆ ನಿಂತು ಇಣಿಕಿದವನು ಕಳ್ಳನು ಕದ್ದ ಮಾಲನ್ನು ಕಂಡಂತಾಯಿತು. ಈಗ ಬಹುತೇಕ ತಾಣಗಳು ಓದುಗನಿಂದ ತಾಣದ ತನಕ ಗೂಢಲಿಪಿಯನ್ನೇ ಬಳಸುವುದರಿಂದ ಈ ಅಪಾಯ ತಗ್ಗಿದೆ.

ಇನ್ನು ತಾಣದವರು ನಮ್ಮನ್ನು ವಿಳಾಸದಿಂದಲೇ ಗುರುತಿಸಬೇಕೆಂದಿಲ್ಲ. ವಿಳಾಸವನ್ನು ಮೂರು ಯಂತ್ರಗಳಾಚೆ ಮರೆಸಿ, ಅನಂತರ ನಮ್ಮದೇ ಹೆಸರಿನ ಖಾತೆಯನ್ನು ತೆರೆದರೆ ಮಾಡಿದ್ದೆಲ್ಲ ವ್ಯರ್ಥ. ತಾಣಗಳು ನಮ್ಮ ಬ್ರೌಸರಿನಲ್ಲಿ ಇಟ್ಟುಹೋಗುವ ‘ಕುಕಿ’ ಎಂಬ ಚೀಟಿಗಳೂ ಇದೇ ಕೆಲಸ ಮಾಡುತ್ತವೆ. ಚೀಟಿಗಳನ್ನು ಅಳಿಸಿದರೂ ಉಳಿಯುವುದೊಂದಿದೆ. ಬ್ರೌಸರಿನ ಬಗೆ, ಪರದೆಯ ಅಳತೆ, ಯಂತ್ರದಲ್ಲಿರುವ ಅಕ್ಷರಗಳ ಅಚ್ಚುಗಳು, ಕಾಲವಲಯ ಇತ್ಯಾದಿ ವಿವರಗಳನ್ನು ಬ್ರೌಸರು ತಾನಾಗಿಯೇ ಹೇಳುತ್ತದೆ. ಒಂದೊಂದೂ ಸಾಮಾನ್ಯವೇ, ಎಲ್ಲವನ್ನೂ ಕೂಡಿಸಿದರೆ ಬೆರಳಚ್ಚಿನಂತಾಗುತ್ತದೆ.

ಇದನ್ನು ಅಳೆಯಬಹುದು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಷನ್ ಎಂಬ ಸಂಸ್ಥೆಯು 2010ರಲ್ಲಿ 4,70,161 ಬ್ರೌಸರುಗಳನ್ನು ಪರೀಕ್ಷಿಸಿ ಪ್ರಕಟಿಸಿದ ವರದಿಯಲ್ಲಿ, ನೂರಕ್ಕೆ 83.6ರಷ್ಟು ಬ್ರೌಸರುಗಳು ಆ ಗುಂಪಿನಲ್ಲಿ ಅದ್ವಿತೀಯವಾಗಿದ್ದವು. ಬ್ರೌಸರಿನ ಬೆರಳಚ್ಚು ಕನಿಷ್ಠ 18.1 ಬಿಟ್ಟುಗಳಷ್ಟು ಮಾಹಿತಿಯನ್ನು ಹೊತ್ತಿರುತ್ತದೆಂದು ಅವರು ಲೆಕ್ಕ ಹಾಕಿದರು. ಇದರ ಅರ್ಥವನ್ನು ಸರಿಸುಮಾರಾಗಿ ಹೀಗೆ ತಿಳಿಯಬಹುದು. ಪ್ರಪಂಚದಲ್ಲಿರುವ 800 ಕೋಟಿಗೆ ಮೀರಿದ ಜನರಲ್ಲಿ ಒಬ್ಬನನ್ನು ಗೊತ್ತುಮಾಡಲು ಸುಮಾರು 33 ಹೌದು-ಅಲ್ಲ ಪ್ರಶ್ನೆಗಳು ಸಾಕು. ಏಕೆಂದರೆ ಎರಡನ್ನು 33 ಸಲ ಗುಣಿಸಿದರೆ 859 ಕೋಟಿಯಾಗುತ್ತದೆ. ಬೆರಳಚ್ಚು ಅವುಗಳಲ್ಲಿ 18ಕ್ಕೆ ಉತ್ತರ ಕೊಟ್ಟುಬಿಟ್ಟರೆ ಉಳಿಯುವುದು 15 ಮಾತ್ರ, ಅಂದರೆ ಮೂವತ್ತು ಸಾವಿರ ಚಿಲ್ಲರೆ ಜನರ ಒಂದು ಊರು. ಅವನು ಕನ್ನಡದ ತಾಣಗಳನ್ನು ಓದುತ್ತಾನೆಂದು ತಿಳಿದರೆ ಆ ಊರು ಒಂದು ಬೀದಿಯಷ್ಟಕ್ಕೆ ಕುಗ್ಗುತ್ತದೆ. ಟಾರಿನವರು ತಮ್ಮ ಬ್ರೌಸರನ್ನು ಎಲ್ಲರಲ್ಲೂ ಒಂದೇ ತೆರನಾಗಿ ಕಾಣುವಂತೆ ಮಾಡಲು ಹೆಣಗುವುದು ಇದಕ್ಕಾಗಿಯೇ. ಕಿಟಕಿಯನ್ನು ಹೇಗೆ ಎಳೆದರೂ ಪುಟದ ಸುತ್ತ ಬೂದು ಅಂಚನ್ನು ಬಿಟ್ಟು, ಕೆಲವೇ ಅಳತೆಗಳಲ್ಲಿ ಒಂದನ್ನು ತಾಣಕ್ಕೆ ತೋರಿಸುತ್ತಾರೆ.

ಕೊನೆಗೆ ಕಾಲದ ಮಾತು. ಬಲಶಾಲಿಯಾದ ಒಬ್ಬನು ಹಾಸನದ ಓದುಗನ ತಂತಿಯನ್ನೂ ಲಂಡನ್ನಿನ ತಾಣದ ತಂತಿಯನ್ನೂ ಏಕಕಾಲದಲ್ಲಿ ನೋಡುತ್ತಿದ್ದಾನೆನ್ನೋಣ. ಒಳಗಿರುವುದನ್ನು ಅವನು ಓದಲಾರ. ಆದರೆ ಇಲ್ಲಿ ಹದಿನೇಳು ತುಂಡುಗಳು ಹೊರಟವು, ಅರೆ ಸೆಕೆಂಡು ತಳ್ಳಿ ಅಲ್ಲಿ ಅಷ್ಟೇ ಭಾರದ ಮಾತು ಮುಟ್ಟಿತು. ಮತ್ತೆ ಇಲ್ಲಿ ಮೌನ, ಅಲ್ಲಿಯೂ ಮೌನ. ಇಂತಹ ಏರಿಳಿತಗಳನ್ನು ಸ್ವಲ್ಪ ಹೊತ್ತು ಹೋಲಿಸಿದರೆ ಎರಡೂ ಒಂದೇ ಸಂಭಾಷಣೆಯ ತುದಿಗಳೆಂದು ಊಹಿಸುವುದು ಕಷ್ಟವಲ್ಲ. ಟಾರನ್ನು ರೂಪಿಸಿದವರು 2004ರ ತಮ್ಮ ಪ್ರಬಂಧದಲ್ಲಿಯೇ ಎರಡು ತುದಿಗಳನ್ನೂ ಕಾಣಬಲ್ಲವನಿಂದ ತಾವು ರಕ್ಷಿಸಲಾರೆವೆಂದು ಒಪ್ಪಿಕೊಂಡಿದ್ದಾರೆ. ಚೌಮರ 1981ರ ಯಂತ್ರವು ರಾಶಿಯಾಗುವ ತನಕ ಕಾಯುತ್ತಿದ್ದುದರಿಂದ ಈ ಹೋಲಿಕೆಗೆ ಅಷ್ಟು ಸುಲಭವಾಗಿ ಎಡೆಗೊಡುತ್ತಿರಲಿಲ್ಲ. ಟಾರ್ ಕಾಯುವುದಿಲ್ಲ. ಪುಟವೊಂದು ಮೂಡಲು ಹತ್ತು ನಿಮಿಷ ತಡವಾದರೆ ಅದನ್ನು ಬಳಸುವವರಿರುವುದಿಲ್ಲ. ಬಳಸುವವರಿಲ್ಲದೆ ಗುಂಪಿಲ್ಲ, ಗುಂಪಿಲ್ಲದೆ ಮರೆಯಿಲ್ಲ. ಸಾಕಷ್ಟು ತಡಮಾಡಿ, ನಡುನಡುವೆ ಹುಸಿ ತುಂಡುಗಳನ್ನೂ ಬೆರಸಿ, ಆದರೂ ಓದುಗನಿಗೆ ಬೇಸರವಾಗದಂತೆ ನೋಡಿಕೊಳ್ಳುವ ಜಾಲಗಳಿಗಾಗಿ ಸಂಶೋಧನೆ ಇಂದಿಗೂ ನಡೆದಿದೆ.

ಇವೆಲ್ಲವನ್ನೂ ಆ ವಿದ್ಯಾರ್ಥಿಗೆ ಎರಡು ಸಂಜೆ ವಿವರಿಸಿದೆವು. ಅವನ ಅಣ್ಣನು ಕಾಗದಗಳನ್ನು ಲಕೋಟೆಯಲ್ಲಿಟ್ಟು, ಬೇರೊಂದು ಊರಿಗೆ ಮದುವೆಗೆ ಹೋದಾಗ ಅಲ್ಲಿನ ಅಂಚೆಪೆಟ್ಟಿಗೆಯಲ್ಲಿ ಹಾಕಿ ಬಂದನಂತೆ.